ದಾದರ್ ಎಂದರೆ ಮೆಟ್ಟಿಲು

ಮರಾಠಿಯಲ್ಲಿ ದಾದರ ಎಂದರೆ ಮೆಟ್ಟಿಲು. ಮುಂಬೈಯ ಲೋಕಲ್ ನಿಲ್ದಾಣಗಳಲ್ಲಿ ಜನ ಎಲ್ಲಿ ಇಳಿಯುತ್ತಾರೆ, ಯಾವ ದಾರಿ ಹಿಡಿಯುತ್ತಾರೆ, ಎಲ್ಲಿ ಸಿಕ್ಕಿಕೊಳ್ಳುತ್ತಾರೆ ಎಂದು ಲೆಕ್ಕ ಹಾಕುವುದು ನನ್ನ ವೃತ್ತಿ. ಸೆಂಟ್ರಲ್ ಮತ್ತು ವೆಸ್ಟರ್ನ್ ಎಂಬ ಎರಡು ಲೋಕಲ್ ಲೈನುಗಳು ಸೇರುವ ದಾದರ್ ನಿಲ್ದಾಣದ ಬಗ್ಗೆ ಯಾರು ಕೇಳಿದರೂ ನಾನು ಮೊದಲು ಹೇಳುವುದು ಈ ಅರ್ಥವನ್ನೇ. ಅಲ್ಲಿ 14 ಪ್ಲಾಟ್‌ಫಾರ್ಮ್‌ಗಳಿವೆ ನಿಜ, ಆದರೆ ನಿಲ್ದಾಣದ ಹಣೆಬರಹ ತೀರ್ಮಾನವಾಗುವುದು ಮೆಟ್ಟಿಲುಗಳ ಮೇಲೆ.

ಕೆಲವು ವರ್ಷಗಳ ಹಿಂದೆ ಸೆಂಟ್ರಲ್ ಕಡೆಯ ಒಂದನೇ ಪ್ಲಾಟ್‌ಫಾರ್ಮಿನ ಮೆಟ್ಟಿಲ ಬುಡದಲ್ಲಿ ನಿಂತು ಜನರನ್ನು ಎಣಿಸುತ್ತಿದ್ದೆ. ಶರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ಹುಬ್ಬಳ್ಳಿಯಿಂದ ಬಂದಿದ್ದ ಒಬ್ಬರು, ಕೈಯಲ್ಲಿ ಟ್ರಂಕು, ಪಕ್ಕದಲ್ಲಿ ಮಗಳು, ನಾನು ಫೋನಿನಲ್ಲಿ ಕನ್ನಡ ಆಡಿದ್ದು ಕೇಳಿ ಹತ್ತಿರ ಬಂದರು. "ಅಣ್ಣಾರ, ಬೋರಿವಲಿ ಗಾಡಿ ಒಂದನೇ ನಂಬರಿಗೆ ಬರ್ತೈತಿ ಅಂದ್ರು. ಅರ್ಧ ತಾಸಾತು ನಿಂತೀವಿ, ಬರೇ ಕಲ್ಯಾಣದ ಗಾಡೀನ ಬರಾಕತ್ತಾವ." ಅವರಿಗೆ ಯಾರೂ ಸುಳ್ಳು ಹೇಳಿರಲಿಲ್ಲ. ಬೋರಿವಲಿಯ ಸ್ಲೋ ಲೋಕಲ್ ಒಂದನೇ ನಂಬರಿಗೇ ಬರುತ್ತಿತ್ತು, ಆದರೆ ವೆಸ್ಟರ್ನ್ ಲೈನಿನ ಒಂದನೇ ನಂಬರಿಗೆ. ಅದಿರುವುದು ಬ್ರಿಜ್ ಹತ್ತಿ ಆಚೆ ತುದಿಗೆ ಹೋದರೆ. ಆಗ ದಾದರ್‌ನಲ್ಲಿ ಒಂದನೇ ನಂಬರ್ ಎರಡಿದ್ದವು. ಏಳನೆಯದರವರೆಗೂ ಎಲ್ಲವೂ ಎರಡೆರಡು.

ಇದರ ಬೇರು ಇರುವುದು ಕಂಪನಿಗಳ ಕಾಲದಲ್ಲಿ. 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ 34 ಕಿಲೋಮೀಟರ್ ಓಡಿದ ಮೊದಲ ರೈಲು ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯದು. ಪಶ್ಚಿಮದ ಕರಾವಳಿ ಹಿಡಿದು ಬಂದದ್ದು ಬಾಂಬೆ, ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ಕಂಪನಿ. 1867ರಲ್ಲಿ ವಿರಾರ್‌ನಿಂದ ಅದರ ಮೊದಲ ಲೋಕಲ್ ಶುರುವಾದಾಗ ದಿನಕ್ಕೆ ಇದ್ದದ್ದು ಹೋಗಲು ಒಂದು, ಬರಲು ಒಂದು ಗಾಡಿ. ಎರಡೂ ಕಂಪನಿಗಳ ಹಳಿಗಳು ದಾದರ್‌ನಲ್ಲಿ ಮೈಗೆ ಮೈ ತಾಗುವಷ್ಟು ಹತ್ತಿರ ಬಂದವು, ಆದರೆ ನಿಲ್ದಾಣಗಳು ಬೇರೆ ಬೇರೆಯಾಗಿಯೇ ಬೆಳೆದವು. 1951ರ ನವೆಂಬರ್ 5ರಂದು ಮೊದಲನೆಯದು ಸೆಂಟ್ರಲ್ ರೈಲ್ವೆಗೆ, ಎರಡನೆಯದು ವೆಸ್ಟರ್ನ್ ರೈಲ್ವೆಗೆ ಸೇರಿ, ಎರಡೂ ರೈಲ್ವೆಗಳು ಒಂದೇ ದಿನ ಹುಟ್ಟಿದವು. ಸರ್ಕಾರವೆಂಬ ಒಡೆಯ ಒಬ್ಬನಾದರೂ ಮನೆ ಎರಡಾಗಿಯೇ ಉಳಿಯಿತು.

ಪ್ಲಾಟ್‌ಫಾರ್ಮ್‌ಗಳಿಗೆ ಪಶ್ಚಿಮದಿಂದ ಪೂರ್ವಕ್ಕೆ ಒಂದೇ ಸಾಲಿನಲ್ಲಿ ನಂಬರ್ ಬಂದದ್ದು 2023ರ ಡಿಸೆಂಬರಿನಲ್ಲಿ. ವೆಸ್ಟರ್ನ್‌ಗೆ 1ರಿಂದ 7, ಸೆಂಟ್ರಲ್‌ಗೆ 8ರಿಂದ 14. ಬಣ್ಣದ ಡಬ್ಬಿ, ಒಂದಷ್ಟು ಬೋರ್ಡು, ಧ್ವನಿವರ್ಧಕದ ಹೊಸ ಘೋಷಣೆ, ಇಷ್ಟರಲ್ಲೇ ಆಗುವ ಕೆಲಸ. ಮುಂಬೈ ರೈಲ್ವೆಯಲ್ಲಿ ಇತ್ತೀಚೆಗೆ ನಡೆದ ಒಳ್ಳೆಯ ಕೆಲಸಗಳಲ್ಲಿ ಇದನ್ನು ನಾನು ಬಹಳ ಮೇಲೆ ಇಡುತ್ತೇನೆ.

ಇನ್ನು ಮೆಟ್ಟಿಲಿನ ಲೆಕ್ಕ. ಹಳಿಯ ಮೇಲೆ 25 ಸಾವಿರ ವೋಲ್ಟಿನ ತಂತಿ ಇರುವುದರಿಂದ ಪಾದಚಾರಿ ಬ್ರಿಜ್ಜಿನ ತಳ ಸುಮಾರು ಆರೂವರೆ ಮೀಟರ್ ಮೇಲಿರಬೇಕು. ಅಂದರೆ ಹತ್ತಲು ನಲವತ್ತರ ಆಸುಪಾಸು ಮೆಟ್ಟಿಲು. ಒಂದು ಮೀಟರ್ ಅಗಲದ ಮೆಟ್ಟಿಲಲ್ಲಿ ನಿಮಿಷಕ್ಕೆ ಐವತ್ತರಷ್ಟು ಜನ ಹತ್ತಬಲ್ಲರು ಎಂದು ನಾವು ಹಿಡಿಯುತ್ತೇವೆ. ನಾಲ್ಕು ಮೀಟರ್ ಅಗಲವಿದ್ದರೆ ಇನ್ನೂರು. ಬೆಳಿಗ್ಗೆ ಒಂದು ಗಾಡಿಯಿಂದ ಸಾವಿರ ಜನ ಇಳಿದು ಅದೇ ಮೆಟ್ಟಿಲಿಗೆ ಬಂದರು ಎನ್ನಿ, ಅದು ಖಾಲಿಯಾಗಲು ಐದು ನಿಮಿಷ ಬೇಕು. ಮುಂದಿನ ಗಾಡಿ ಬರುವುದು ಮೂರು ನಾಲ್ಕು ನಿಮಿಷಕ್ಕೆ. ಎದುರಿನಿಂದ ಇಳಿದು ಬರುವವರನ್ನು ಈ ಲೆಕ್ಕಕ್ಕೆ ಇನ್ನೂ ಸೇರಿಸಿಲ್ಲ.

ದಿನಾ ಓಡಾಡುವವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಹನ್ನೆರಡು ಡಬ್ಬಿಯ ಲೋಕಲ್ ಸುಮಾರು 250 ಮೀಟರ್ ಉದ್ದ. ಆದರೂ ಕೆಲವು ಡಬ್ಬಿಗಳಲ್ಲಿ ಉಸಿರಾಡಲು ಜಾಗವಿರುವುದಿಲ್ಲ, ಕೆಲವದರಲ್ಲಿ ನಿಲ್ಲಲು ಸಿಗುತ್ತದೆ. ದಾದರ್‌ನಲ್ಲಿ ಬ್ರಿಜ್ಜಿನ ಮುಂದೆ ನಿಲ್ಲುವ ಡಬ್ಬಿ ಯಾವುದೆಂದು ನೋಡಿಕೊಂಡೇ ಜನ ಡೊಂಬಿವಲಿಯಲ್ಲೋ ಠಾಣೆಯಲ್ಲೋ ಹತ್ತಿರುತ್ತಾರೆ. ಹಾಗಾಗಿ ದಾದರ್‌ನ ಮೆಟ್ಟಿಲನ್ನು ಎಲ್ಲಿ ಇಳಿಸುತ್ತೀರಿ ಎಂಬುದು ನಲವತ್ತು ಕಿಲೋಮೀಟರ್ ಆಚೆಯ ಪ್ಲಾಟ್‌ಫಾರ್ಮಿನಲ್ಲಿ ಯಾರು ಎಲ್ಲಿ ನಿಲ್ಲುತ್ತಾರೆ ಎಂಬುದನ್ನೂ ತೀರ್ಮಾನಿಸುತ್ತದೆ. ಹಳೆಯ ಬ್ರಿಜ್ಜನ್ನು ಅಗಲ ಮಾಡುವುದಕ್ಕಿಂತ, ಜನ ಇಳಿಯದ ತುದಿಯಲ್ಲಿ ಹೊಸ ಮೆಟ್ಟಿಲು ಕೊಡಿ ಎಂದು ನಾನು ವಾದಿಸುವುದು ಇದಕ್ಕೇ. ಅಗಲ ಮಾಡಿದರೆ ಅದೇ ಡಬ್ಬಿಗಳಿಗೆ ಇನ್ನಷ್ಟು ಜನ ನುಗ್ಗುತ್ತಾರೆ. ಮಳೆಗಾಲದಲ್ಲಂತೂ ಬ್ರಿಜ್ಜಿನ ಸೂರಿನಡಿ ನಿಂತವರು ಕದಲುವುದಿಲ್ಲ, ನಾಲ್ಕು ಮೀಟರಿನ ಮೆಟ್ಟಿಲು ಎರಡು ಮೀಟರ್ ಆಗಿಬಿಡುತ್ತದೆ.

2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಆದದ್ದು ಅದೇ. ವೆಸ್ಟರ್ನ್ ಲೈನಿನಲ್ಲಿ ದಾದರ್‌ನ ಮುಂದಿನ ನಿಲ್ದಾಣ ಎಲ್ಫಿನ್‌ಸ್ಟನ್ ರೋಡ್, ಇವತ್ತಿನ ಪ್ರಭಾದೇವಿ. ಅದನ್ನು ಸೆಂಟ್ರಲ್ ಲೈನಿನ ಪರೇಲ್‌ ನಿಲ್ದಾಣಕ್ಕೆ ಕೂಡಿಸುವ ಇಕ್ಕಟ್ಟಾದ ಬ್ರಿಜ್ಜಿನಲ್ಲಿ, ಮಳೆಗೆ ನಿಂತವರೂ ಗಾಡಿ ಇಳಿದು ಬಂದವರೂ ಒಟ್ಟಾಗಿ ಕಾಲ್ತುಳಿತವಾಯಿತು. 23 ಜನ ಸತ್ತರು. ಅಲ್ಲಿ ಹೊಸ ಬ್ರಿಜ್ ಕಟ್ಟಿದ್ದು ಸೇನೆಯ ಎಂಜಿನಿಯರುಗಳು, ಕೆಲವೇ ತಿಂಗಳಲ್ಲಿ. 2018ರ ಫೆಬ್ರವರಿಯಲ್ಲಿ ಅದು ತೆರೆಯಿತು. ಆ ಮೆಟ್ಟಿಲು ಹತ್ತುವಾಗಲೆಲ್ಲ ನನಗೆ ಕಾಡುವುದು ಒಂದೇ: ಇಷ್ಟು ಬೇಗ ಕಟ್ಟಲು ಬರುತ್ತಿತ್ತಲ್ಲ.

ದಾದರ್‌ನಲ್ಲಿ 2023ರ ಸೆಪ್ಟೆಂಬರಿನಲ್ಲಿ ಸೆಂಟ್ರಲ್‌ನ 2ನೇ ಪ್ಲಾಟ್‌ಫಾರ್ಮ್ ಮುಚ್ಚಿದರು. ದಾದರ್‌ನಿಂದಲೇ ಹೊರಡುತ್ತಿದ್ದ ಲೋಕಲ್‌ಗಳು ಪರೇಲ್‌ನಿಂದ ಹೊರಡತೊಡಗಿದವು, ಸಿಕ್ಕ ಜಾಗದಲ್ಲಿ 1ನೇ ಪ್ಲಾಟ್‌ಫಾರ್ಮ್ ಅಗಲವಾಯಿತು. ಗಾಡಿ ನಿಲ್ಲುತ್ತಿದ್ದ ಜಾಗವನ್ನು ಜನ ನಿಲ್ಲಲು ಬಿಟ್ಟುಕೊಡುವ ನಿರ್ಧಾರ ಈ ಊರಿನಲ್ಲಿ ಸುಲಭದ್ದಲ್ಲ. ಇದನ್ನು ತೆಗೆದುಕೊಂಡವರ ಬಗ್ಗೆ ನನಗೆ ಗೌರವವಿದೆ. ಆ ಹುಬ್ಬಳ್ಳಿಯವರು ಮಗಳ ಕೈ ಹಿಡಿದು ಗೋಡೆಗೆ ಒರಗಿ ನಿಂತಿದ್ದ ಪ್ಲಾಟ್‌ಫಾರ್ಮಿಗೆ ಈಗ 8ನೇ ನಂಬರ್. ಟ್ರಂಕು ಕೆಳಗಿಟ್ಟು ದಾರಿ ಕೇಳಲು ಅಲ್ಲಿ ಈಗ ಜಾಗವಿದೆ.