ಒಂದು ಅಗುಳು ಸಾಲದ ಅನ್ನ: ದಪ್ಪ ಕಣದ ಚಿನ್ನ ಮತ್ತು ಅದರ ಗಣಿ

ನಾಳಿದ್ದು ಪರೀಕ್ಷೆ. ಜ್ಞಾನಭಾರತಿಯಲ್ಲಿ ಎರಡು ಸಂಜೆ ತಲೆ ಕೆರೆದುಕೊಂಡ ಮೇಲೆ ಹೊಳೆದದ್ದನ್ನು ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಶಾಫ್ಟ್ (ಗಣಿಗೆ ಇಳಿಯುವ ಬಾವಿ), ಲೆವೆಲ್ (ಅದರಿಂದ ಹೊರಡುವ ಸುರಂಗಗಳ ಮಟ್ಟ), ಸ್ಟೋಪ್ (ಅದಿರು ಒಡೆದು ತೆಗೆಯುವ ಜಾಗ) ಎಂದರೇನು ಎಂಬುದು ನಿಮಗೆ ಗೊತ್ತಿದೆ ಎಂದುಕೊಂಡಿದ್ದೇನೆ.

ನಾನು ಎಡವಿದ್ದು ಒಂದೇ ಕಡೆ. ಬೆಣಚುಕಲ್ಲಿನ ಎಳೆಯಲ್ಲಿ ದಪ್ಪ ಕಣದ ಚಿನ್ನವಿದ್ದರೆ, ಕೊಳವೆ ಕೊರೆದು ತೆಗೆದ ಮಾದರಿಗಳನ್ನು ನಂಬಬೇಡಿ ಎನ್ನುತ್ತಾರೆ. ಏಕೆ ನಂಬಬಾರದು? ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಕಲ್ಲವೇ?

ಸಾಲದು. ಲೆಕ್ಕ ಹಾಕಿದ ಮೇಲೆಯೇ ನನಗೆ ನಂಬಿಕೆ ಬಂದದ್ದು. ಅದಿರಿನ ನಿಜವಾದ ದರ್ಜೆ, ಅಂದರೆ ಒಂದು ಟನ್ ಅದಿರಿನಲ್ಲಿರುವ ಚಿನ್ನ, ಟನ್ನಿಗೆ 10 ಗ್ರಾಂ ಎಂದಿಟ್ಟುಕೊಳ್ಳಿ. ಚಿನ್ನವೆಲ್ಲ 1 ಮಿಲಿಮೀಟರ್ ಘನಾಕೃತಿಯ ಕಣಗಳಲ್ಲಿದೆ. ಚಿನ್ನದ ಸಾಂದ್ರತೆ 19.3 ಆದ್ದರಿಂದ ಒಂದು ಕಣದ ತೂಕ 19.3 ಮಿಲಿಗ್ರಾಂ. ಪ್ರಯೋಗಾಲಯದ ಮೂಸೆಗೆ ಹೋಗುವ ಪುಡಿ 30 ಗ್ರಾಂ. ಟನ್ನಿಗೆ 10 ಗ್ರಾಂ ಎಂದರೆ ಆ 30 ಗ್ರಾಂನಲ್ಲಿ ಇರಬೇಕಾದ ಚಿನ್ನ 0.3 ಮಿಲಿಗ್ರಾಂ. ಕಣವೊಂದೇ 19.3 ಇರುವಾಗ 0.3 ಬರುವುದು ಹೇಗೆ? ಒಂದು ಕಣವನ್ನು ಅರವತ್ತನಾಲ್ಕು ಚೂರು ಮಾಡಿ ಯಾರೂ ಹಂಚುವುದಿಲ್ಲ. ಹಾಗಾಗಿ 64 ಮೂಸೆಗಳಲ್ಲಿ ಸುಮಾರು 63 ಸೊನ್ನೆ. ಉಳಿದ ಒಂದರಲ್ಲಿ ಇಡೀ ಕಣ ಬಿದ್ದು ಟನ್ನಿಗೆ 643 ಗ್ರಾಂ ಎಂದು ವರದಿ ಬರುತ್ತದೆ. ಎಲ್ಲದರ ಸರಾಸರಿ ತೆಗೆದರೆ 10. ಆದರೆ ಯಾವ ಮೂಸೆಯೂ 10 ಎಂದು ಹೇಳಿಲ್ಲ!

ಇಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಒಂದೇ ಮಾದರಿಯನ್ನು ಐದು ಸಲ ಪರೀಕ್ಷಿಸಿ, ಐದೂ ಒಂದೇ ಉತ್ತರ ಕೊಟ್ಟರೆ ಆ ಉತ್ತರ ನಿಜ ಎಂದುಕೊಂಡಿದ್ದೆ. ಮೇಲಿನ ಅದಿರಿನಲ್ಲಿ ಐದಕ್ಕೆ ಐದೂ ಸೊನ್ನೆ ಬರುವ ಸಂಭವ ಶೇ. 92. ಐದು ಸಾಕ್ಷಿಗಳು ಒಕ್ಕೊರಲಿನಿಂದ ಚಿನ್ನವಿಲ್ಲ ಎನ್ನುತ್ತವೆ, ಯಾವ ಸಾಕ್ಷಿಯೂ ಸುಳ್ಳು ಹೇಳುತ್ತಿಲ್ಲ. ಪ್ರಯೋಗಾಲಯವನ್ನು ಬೈದು ಪ್ರಯೋಜನವಿಲ್ಲ, ಮಾದರಿಯೇ ಚಿಕ್ಕದು.

ದರ್ಶಿನಿಯ ಕೌಂಟರಿನಲ್ಲಿ ನಿಂತಾಗ ಇದು ಇನ್ನಷ್ಟು ತಿಳಿಯಾಯಿತು. ಸಾಂಬಾರಿನ ಉಪ್ಪು ತಿಳಿಯಲು ಒಂದು ಚಮಚ ಸಾಕು. ಕೇಸರಿಬಾತಿನ ಡಬರಿಯಲ್ಲಿ ಎಷ್ಟು ಗೋಡಂಬಿ ಹಾಕಿದ್ದಾರೆ ಎಂಬುದು ಒಂದು ಚಮಚದಿಂದ ತಿಳಿಯುವುದಿಲ್ಲ. ನನ್ನ ತಟ್ಟೆಯಲ್ಲಿ ಅಂದು ಒಂದೂ ಇರಲಿಲ್ಲ, ಪಕ್ಕದವರಿಗೆ ಮೂರು. ಅದೇ ಗೋಡಂಬಿಯನ್ನು ರವೆಯಷ್ಟು ಸಣ್ಣಗೆ ಪುಡಿ ಮಾಡಿ ಬೆರೆಸಿದ್ದರೆ ಜಗಳವೇ ಇರುತ್ತಿರಲಿಲ್ಲ. ಚಿನ್ನದಲ್ಲೂ ಹಾಗೆಯೇ: ಕಣದ ಅಳತೆ 0.1 ಮಿಲಿಮೀಟರಿಗೆ ಇಳಿದರೆ ಕಣಗಳ ಸಂಖ್ಯೆ ಸಾವಿರ ಪಟ್ಟು ಹೆಚ್ಚಿ, ಅದೇ ಮೂಸೆಗೆ ಸರಾಸರಿ ಹದಿನೈದು ಕಣ ಬೀಳುತ್ತವೆ. ದರ್ಜೆ ಒಂದೇ ಆದ ಎರಡು ಗಣಿಗಳು ಏಕೆ ಬೇರೆ ಬೇರೆ ತಲೆನೋವು ಎಂಬುದಕ್ಕೆ ಉತ್ತರ ಇದೇ.

ಹಾಗಾದರೆ ಅದಿರನ್ನೇ ಇನ್ನೂ ನುಣ್ಣಗೆ ಅರೆದರಾಯಿತಲ್ಲ ಎಂದು ಕೇಳಬಹುದು, ನಾನೂ ಕೇಳಿದ್ದೆ. ಬೆಣಚುಕಲ್ಲು ಪುಡಿಯಾಗುತ್ತದೆ, ಚಿನ್ನ ಹಪ್ಪಳದಂತೆ ಚಪ್ಪಟೆಯಾಗುತ್ತದೆ. ಅರೆಯುವ ಯಂತ್ರಕ್ಕೆ ಮೆತ್ತಿಕೊಂಡು ಮುಂದಿನ ಮಾದರಿಗೂ ಅಂಟುತ್ತದೆ. ಅದಕ್ಕೇ ನಡುನಡುವೆ ಬರೀ ಬೆಣಚು ಹಾಕಿ ಅರೆದು ಯಂತ್ರ ತೊಳೆಯುವುದು.

ನನ್ನ ಸುಲಭದ ದಾರಿ ಇದು: ಮಾದರಿಯಲ್ಲಿ ಕನಿಷ್ಠ ನೂರು ಕಣ ಇರುವಂತೆ ನೋಡಿಕೊಂಡರೆ ಏರುಪೇರು ಸುಮಾರು ಶೇ. 10ಕ್ಕೆ ಇಳಿಯುತ್ತದೆ, ಏಕೆಂದರೆ ಏರುಪೇರು ಕಣಗಳ ಸಂಖ್ಯೆಯ ವರ್ಗಮೂಲದಷ್ಟು, ನೂರರ ವರ್ಗಮೂಲ ಹತ್ತು. ನೂರು ಕಣ ಎಂದರೆ 1.93 ಗ್ರಾಂ ಚಿನ್ನ, ಅಂದರೆ 193 ಕಿಲೋ ಅದಿರು. ಕೊಳವೆಯಿಂದ ಬರುವ ಮೀಟರ್ ಉದ್ದದ ಕಲ್ಲಿನ ಕೋಲು ಕೆಲವೇ ಕಿಲೋ. ಕಣಗಳು ಗುಂಪುಗುಂಪಾಗಿರುವುದರಿಂದ ನಿಜ ಸ್ಥಿತಿ ಇದಕ್ಕಿಂತ ಕೆಟ್ಟದಾಗಿರುತ್ತದೆ.

ಮೊದಲು ದರ್ಜೆ ತಿಳಿದು ಆಮೇಲೆ ಒಳಗೆ ಇಳಿಯುವ ಗಣಿ ಅಭಿವೃದ್ಧಿಯ ಕ್ರಮ ತಲೆಕೆಳಗಾಗುವುದು ಇಲ್ಲಿಯೇ. ಕೊರೆತ ಎಳೆ ಎಲ್ಲಿದೆ, ಎಷ್ಟು ಅಗಲ, ಯಾವ ಕಡೆ ವಾಲಿದೆ ಎಂದು ಹೇಳುತ್ತದೆ. ದರ್ಜೆ ತಿಳಿಯಬೇಕಾದರೆ ಒಳಗೆ ಇಳಿಯಬೇಕು. ಎಳೆಯ ಉದ್ದಕ್ಕೂ ಸುರಂಗ ತೋಡಿ, ಪ್ರತಿ ಸ್ಫೋಟದ ಕಲ್ಲನ್ನು ಬೇರೆ ರಾಶಿ ಹಾಕಿ, ಸಾಧ್ಯವಾದರೆ ಇಡಿಯಾಗಿ, ಅದಿರನ್ನು ಅರೆದು ಚಿನ್ನ ಬೇರ್ಪಡಿಸುವ ಮಿಲ್‌ಗೆ ಕಳುಹಿಸಬೇಕು. ಕೆನಡಾದ ಬ್ರಿಟಿಷ್ ಕೊಲಂಬಿಯಾದ ಬ್ರೂಸ್‌ಜಾಕ್‌ನಲ್ಲಿ 2013ರಲ್ಲಿ 10,000 ಟನ್ ತೆಗೆದು ಹೀಗೆಯೇ ಪರೀಕ್ಷಿಸಿದರು. ಸಲಹಾ ಸಂಸ್ಥೆಯೊಂದು ಅಂದಾಜಿನ ಬಗ್ಗೆ ತಕರಾರೆತ್ತಿ ನಡುವೆಯೇ ಹೊರನಡೆಯಿತು. ನಿರೀಕ್ಷೆ 4,000 ಔನ್ಸ್ ಚಿನ್ನ, ಮಿಲ್ ಕೊಟ್ಟದ್ದು 5,865. ಎಲ್ಲರೂ ಹಿಗ್ಗಿದರು, ಆದರೆ 2017ರಲ್ಲಿ ಗಣಿ ಶುರುವಾದ ಮೇಲೆ ದರ್ಜೆ ಯೋಜನೆಗಿಂತ ಕೆಳಗೆ ಬಂತು.

ಆ 643ರಂಥ ಸಂಖ್ಯೆಯನ್ನು ಕತ್ತರಿಸಿ 30 ಎಂದು ಬರೆಯುವ ಪದ್ಧತಿಯೂ ಇದೆ. ಹಾಗೆ ಮಾಡಿದರೆ ಮೇಲಿನ 64ರ ಸರಾಸರಿ 0.5 ಗ್ರಾಂಗಿಂತಲೂ ಕೆಳಗೆ ಇಳಿಯುತ್ತದೆ. ಕತ್ತರಿಸದೆ ಬಿಟ್ಟರೆ ಒಂದೇ ಕಣ ಸುತ್ತಲಿನ ಬಂಡೆಯನ್ನೆಲ್ಲ ಕಾಗದದ ಮೇಲೆ ಚಿನ್ನವಾಗಿಸುತ್ತದೆ. ಎರಡು ಅಂಕದ ಪ್ರಶ್ನೆಗೆ ಇಷ್ಟು ಸಾಕು.

ಅಗೆಯುವಾಗಲೂ ಒಂದು ಲೆಕ್ಕವಿದೆ: ಎಳೆ ಅರ್ಧ ಮೀಟರ್, ದರ್ಜೆ 30, ಸ್ಟೋಪಿನ ಅಗಲ ಒಂದೂವರೆ ಮೀಟರ್ ಆದರೆ, ಚಿನ್ನವಿಲ್ಲದ ಪಕ್ಕದ ಕಲ್ಲೂ ಬೆರೆತು ಹೊರಬರುವುದು ಟನ್ನಿಗೆ 10 ಗ್ರಾಂ. ಇನ್ನು 30 ಸೆಂಟಿಮೀಟರ್ ಹೆಚ್ಚು ಒಡೆದರೆ 8.3. ಚಿನ್ನ ಪುಡಿಯ ಜೊತೆ ನೆಲದ ಬಿರುಕಿಗೆ ಇಳಿಯುವುದರಿಂದ ಸ್ಟೋಪನ್ನು ಗುಡಿಸಿಯೂ ತರಬೇಕು. ಮಿಲ್‌ನಲ್ಲಿ ದಪ್ಪ ಕಣ ಸೈನೈಡ್‌ನಲ್ಲಿ ಬೇಗ ಕರಗದು. ಅದರ ಭಾರವನ್ನೇ ಬಳಸಿ ಜಿಗ್ (ನೀರನ್ನು ಮಿಡಿಸಿ ಭಾರದ ಕಣವನ್ನು ತಳಕ್ಕೆ ಇಳಿಸುವ ತೊಟ್ಟಿ), ಅಲುಗುವ ಮೇಜುಗಳಲ್ಲಿ ಮೊದಲೇ ಹಿಡಿಯುತ್ತಾರೆ.

ಮಾರಿಕುಪ್ಪಂ ರೈಲಿನಲ್ಲಿ ದಿನವೂ ಬಂದು ಹೋಗುವ ಸಹಪಾಠಿಗೆ ಈ ಲೆಕ್ಕ ತೋರಿಸಿದೆ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋದದ್ದು, 2001ರ ಫೆಬ್ರುವರಿ 28ರಂದು ಗಣಿಗಳು ಮುಚ್ಚಿದ್ದು ಅವನಿಗೆ ಮನೆಮಾತು. ಅಲ್ಲಿಯೂ ಸಮೃದ್ಧ ಭಾಗಗಳ ನಡುವೆ ಬಡ ಭಾಗಗಳಿದ್ದವು, ಅಗೆಯುವ ಒಂದು ಮುಖ ಬರಿದಾದಾಗ ಇನ್ನೊಂದು ಮುಖದ ಅದಿರಿನಿಂದ ಮಿಲ್ ನಡೆಸಬೇಕಿತ್ತು. ಅವನು 64 ಮೂಸೆಗಳ ಸಾಲನ್ನು ನೋಡಿ, "ನಮ್ಮ ತಾತ ಆ 63ರಲ್ಲೇ ಕೆಲಸ ಮಾಡಿದ್ದಿರಬೇಕು" ಎಂದ.