ಅದು ಒಂದೇ ಪುಸ್ತಕ ಅಲ್ಲ ಮಾರಾಯ್ರೇ

ಕಳೆದ ವಾರ ಪೆರ್ಲದ ಕಡೆಯಿಂದ ಒಬ್ಬರು ಫೋನ್ ಮಾಡಿದರು. ಮನೆಯಲ್ಲಿರುವ ಪುಸ್ತಕಗಳನ್ನೆಲ್ಲ ನಮ್ಮ ಜಾಲತಾಣದಲ್ಲಿ ಪಟ್ಟಿ ಮಾಡುತ್ತಿರುವವರು. ಆಗಲೇ ನಾನೂರು ದಾಟಿದೆಯಂತೆ. "ಡಬಲ್ ಬಂದದ್ದನ್ನೆಲ್ಲ ಒಟ್ಟಿಗೆ ಅಳಿಸುವ ಬಟನ್ ಎಲ್ಲುಂಟು?" ಎಂದು ಕೇಳಿದರು. ಮೊದಲು ಇತ್ತು, ಈಗ ತೆಗೆದಿದ್ದೇವೆ ಎಂದೆ. ಅವರಿಗೆ ಸಿಟ್ಟು ಬಂತು. "ಒಂದೇ ಪುಸ್ತಕ ಎರಡು ಸಲ ಬಂದಿದೆ ಮಾರಾಯ್ರೇ. ಅದು ಒಂದೇ ಪುಸ್ತಕ ಅಲ್ವಾ?"

ಈ ಪ್ರಶ್ನೆ ವಾರಕ್ಕೆ ನಾಲ್ಕು ಸಲವಾದರೂ ನನ್ನ ಕಿವಿಗೆ ಬೀಳುತ್ತದೆ. ಕಾಲೇಜು ಲೈಬ್ರರಿಯಲ್ಲಿ ಮೂವತ್ತು ವರ್ಷ ಕೂತಿದ್ದಾಗಲೂ ಕೇಳಿದ್ದೇನೆ. ಆಗ ಕೇಳುತ್ತಿದ್ದದ್ದು ಅಕೌಂಟ್ಸ್ ವಿಭಾಗದವರು. ಈಗ ಕೇಳುವವರು ಪುಸ್ತಕ ಪ್ರೀತಿಸುವವರೇ. ಅದಕ್ಕೇ ಬೇಜಾರು ಜಾಸ್ತಿ.

ನಿವೃತ್ತಿಯಾದ ಮೇಲೆ ತಮ್ಮನ ಮಗನ ಜೊತೆ ಸೇರಿ ಈ ಕೆಲಸಕ್ಕೆ ಇಳಿದೆ. ಕಂಪ್ಯೂಟರ್ ಅವನದ್ದು, ಕಿರಿಕಿರಿ ನನ್ನದು. ಕಾಸರಗೋಡಿನ ಹಳೆಯ ಮನೆಗಳ ಉಪ್ಪರಿಗೆಯಲ್ಲಿ, ಅಟ್ಟದಲ್ಲಿ, ಅಡಿಕೆ ಗೋಣಿಯ ಪಕ್ಕದಲ್ಲಿ ಎಷ್ಟು ಪುಸ್ತಕಗಳಿವೆ ಎಂಬುದು ಆ ಮನೆಯವರಿಗೇ ಗೊತ್ತಿಲ್ಲ. ಪುಸ್ತಕ ಸೇರಿಸಿದವರು ತೀರಿಹೋಗಿದ್ದಾರೆ. ಮಕ್ಕಳು ಬೆಂಗಳೂರಿನಲ್ಲಿ, ದುಬೈಯಲ್ಲಿ. ಮೊಮ್ಮಕ್ಕಳಿಗೆ ಕನ್ನಡ ಓದಲು ಬಾರದು. ಪಟ್ಟಿಯೊಂದಿದ್ದರೆ ಮುಂದೆ ಯಾರಾದರೂ ಹುಡುಕಿಯಾರು ಎಂಬುದು ನಮ್ಮ ಆಸೆ. ಪಟ್ಟಿ ಹೇಗೆ ಮಾಡುವುದು, ಫೋಟೋ ಹೇಗೆ ತೆಗೆಯುವುದು ಎಂದೆಲ್ಲ ಇಲ್ಲಿ ಬರೆಯುವುದಿಲ್ಲ. ಅದು ಯಾರಿಗೂ ಹತ್ತು ನಿಮಿಷದಲ್ಲಿ ಬರುತ್ತದೆ. ಬಾರದೇ ಇರುವುದು ಒಂದೇ ವಿಷಯ: ಹೆಸರು ಒಂದೇ ಆದ ಮಾತ್ರಕ್ಕೆ ಎರಡು ಪುಸ್ತಕ ಒಂದೇ ಆಗುವುದಿಲ್ಲ ಎಂಬುದು.

ಉದಾಹರಣೆಗೆ ಕಿಟ್ಟೆಲ್ ನಿಘಂಟು. "ನಮ್ಮಲ್ಲಿ ಕಿಟ್ಟೆಲ್ ಉಂಟು" ಎಂದು ಇಬ್ಬರು ಹೇಳಿದರು ಎಂದುಕೊಳ್ಳಿ. ಒಬ್ಬರಲ್ಲಿ ಇರುವುದು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಹೊರತಂದ ದಪ್ಪ ಸಂಪುಟ. ಇನ್ನೊಬ್ಬರಲ್ಲಿ ಇರುವುದು ಮುಂದೆ ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಮದ್ರಾಸ್ ವಿಶ್ವವಿದ್ಯಾಲಯ ನಾಲ್ಕು ಸಂಪುಟಗಳಲ್ಲಿ ತಂದದ್ದು. ಎರಡಕ್ಕೂ ಹೆಸರು ಕಿಟ್ಟೆಲ್ ನಿಘಂಟೇ. ಆದರೆ ಎರಡನೆಯದರಲ್ಲಿ ಮೊದಲನೆಯದರಲ್ಲಿ ಇಲ್ಲದ ಪದಗಳಿವೆ. ಮೊದಲನೆಯದರಲ್ಲಿ ಕಿಟ್ಟೆಲ್ ತನ್ನ ಕೈಯಾರೆ ಬಿಟ್ಟುಹೋದದ್ದು ಹಾಗೇ ಇದೆ. ಇದನ್ನು ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಅಷ್ಟು ಹಳೆಯ ಪುಸ್ತಕ, ಹೌದಪ್ಪ, ಬೇರೆ ಬೇರೆಯೇ ಎನ್ನುತ್ತಾರೆ. ಮರುದಿನ ತಮ್ಮ ಕಪಾಟಿನ ಕಾದಂಬರಿಗೆ ಬಂದಾಗ ಮತ್ತೆ ಅದೇ ಪಾಡು.

ಹಾಗಾಗಿ ನಮ್ಮ ಜಿಲ್ಲೆಯದೇ ಪುಸ್ತಕ ತೆಗೆದುಕೊಳ್ಳುತ್ತೇನೆ. ನಿರಂಜನರ 'ಚಿರಸ್ಮರಣೆ' ಮೊದಲು ಬಂದದ್ದು 1955ರಲ್ಲಿ. ಕಯ್ಯೂರಿನ ರೈತ ಹೋರಾಟದ ಕಥೆ. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರಲ್ಲ, ಆ ಪ್ರಕರಣ. ಮಲಯಾಳಕ್ಕೂ ಅನುವಾದವಾಗಿದೆ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಕನ್ನಡದ್ದೂ ಇದೆ, ಮಲಯಾಳದ್ದೂ ಇದೆ. ಈಗ ಲೆಕ್ಕ ಹಾಕಿ. ನಿರಂಜನರ ಮನಸ್ಸಿನಲ್ಲಿ ಹುಟ್ಟಿದ ಆ ಕಥೆ ಒಂದು, ಅದೇ ಕೃತಿ. ಅದರ ಕನ್ನಡ ಪಠ್ಯ ಒಂದು, ಮಲಯಾಳ ಪಠ್ಯ ಇನ್ನೊಂದು. ಕನ್ನಡದಲ್ಲೇ ಬೇರೆ ಬೇರೆ ವರ್ಷ ಅಚ್ಚಾದ ಮುದ್ರಣಗಳು ಹಲವು. ಕೊನೆಗೆ, ನಿಮ್ಮ ಕಪಾಟಿನಲ್ಲಿ ನಿಂತಿರುವ, ಬೆನ್ನು ಸ್ವಲ್ಪ ಹರಿದ ಆ ಒಂದು ಪ್ರತಿ. ಇದು ನಾನು ಕೂತು ಹೊಸೆದದ್ದಲ್ಲ. ಇಫ್ಲಾ ಎಂಬ ಲೈಬ್ರರಿಗಳ ಅಂತರರಾಷ್ಟ್ರೀಯ ಒಕ್ಕೂಟ 1998ರಲ್ಲಿ ಈ ನಾಲ್ಕು ಮೆಟ್ಟಿಲುಗಳನ್ನು ಬಿಡಿಸಿ ಒಂದು ವರದಿಯನ್ನೇ ಹೊರತಂದಿತು. 2005ರಲ್ಲಿ ಅಮೆರಿಕದಲ್ಲಿ ಶುರುವಾದ ಲೈಬ್ರರಿಥಿಂಗ್ ಕೂಡ ಕೃತಿಯನ್ನು ಒಂದು ಕಡೆ ಇಟ್ಟು, ಅದರ ಕೆಳಗೆ ಒಬ್ಬೊಬ್ಬರ ಪ್ರತಿಯನ್ನು ಬೇರೆ ಬೇರೆಯಾಗಿ ಇಡುತ್ತದೆ.

ಮನೆಯ ಪಟ್ಟಿ ಎಂದರೆ ಪ್ರತಿಗಳ ಪಟ್ಟಿ. ಕೃತಿಗಳ ಪಟ್ಟಿ ಬೇಕಿದ್ದರೆ ಯಾವುದಾದರೂ ಸಾಹಿತ್ಯ ಚರಿತ್ರೆಯ ಹಿಂದಿನ ಪುಟ ನೋಡಿದರೆ ಸಾಕು, ನಮ್ಮ ತಾಣ ಯಾಕೆ?

"ಬಾರ್‌ಕೋಡ್ ಒಂದೇ ಬಂತಲ್ಲ" ಎನ್ನುತ್ತಾರೆ. ಅಲ್ಲೇ ಇರುವುದು ತಪ್ಪು. ಆ ಬಾರ್‌ಕೋಡಿನಲ್ಲಿರುವ ಐಎಸ್‌ಬಿಎನ್ ಎಂಬುದು ಪ್ರಕಾಶಕರ ಒಂದು ಆವೃತ್ತಿಯ ನಂಬರ್. ಅದೇ ಆವೃತ್ತಿಯನ್ನು ಏನೂ ಬದಲಿಸದೆ ಐದು ಸಲ ಮರುಮುದ್ರಣ ಮಾಡಿದರೆ ಐದಕ್ಕೂ ಅದೇ ನಂಬರ್. ಪರಿಷ್ಕರಿಸಿದರೆ ಹೊಸ ನಂಬರ್ ಕೊಡಬೇಕು. ಗಟ್ಟಿ ರಟ್ಟಿನದಕ್ಕೆ ಒಂದು, ಸಾದಾ ರಟ್ಟಿನದಕ್ಕೆ ಇನ್ನೊಂದು. ಅಂದರೆ ನಂಬರ್ ಒಂದೇ ಇದ್ದ ಮಾತ್ರಕ್ಕೆ ಎರಡು ಪ್ರತಿಗಳು ಒಂದೇ ಆಗುವುದಿಲ್ಲ. ನಂಬರ್ ಬೇರೆ ಇದ್ದ ಮಾತ್ರಕ್ಕೆ ಒಳಗಿನ ಮಾತು ಬೇರೆ ಎಂದೂ ಆಗುವುದಿಲ್ಲ. ಇದನ್ನು ಎರಡು ಸಲ ಓದಿ ದಯವಿಟ್ಟು. ಫೋನಿನಲ್ಲಿ ನಾನು ಮೂರು ಸಲ ಹೇಳಬೇಕಾಗುತ್ತದೆ.

ಇನ್ನೂ ಒಂದು. ಈ ನಂಬರಿನ ಪದ್ಧತಿ ಲೋಕಕ್ಕೆ ಬಂದದ್ದೇ 1970ರ ಹೊತ್ತಿಗೆ. ಮೊದಲು ಹತ್ತು ಅಂಕಿ, ಕೊನೆಯಲ್ಲಿ ಕೆಲವೊಮ್ಮೆ ಎಕ್ಸ್ ಅಕ್ಷರ. 2007ರ ಜನವರಿಯಿಂದ ಹದಿಮೂರು ಅಂಕಿ. ನಮ್ಮ ದೇಶದ್ದಾದರೆ 978ರ ನಂತರ 81 ಅಥವಾ 93 ಇರುತ್ತದೆ. ನಮ್ಮಲ್ಲಿ ಅದನ್ನು ಕೊಡುವ ರಾಜಾ ರಾಮಮೋಹನ ರಾಯ್ ಸಂಸ್ಥೆ ದುಡ್ಡನ್ನೂ ಕೇಳುವುದಿಲ್ಲ. ಆದರೂ ನಂಬರೇ ಇಲ್ಲದೆ ಬಂದ ಕನ್ನಡ ಪುಸ್ತಕಗಳು ಬೇಕಾದಷ್ಟು. ಒಬ್ಬರು ನೂರಾ ಎಂಬತ್ತು ಪುಸ್ತಕಗಳನ್ನು "ಬಾರ್‌ಕೋಡ್ ಇಲ್ಲದ್ದು, ಬೇಡ" ಎಂದು ಪಕ್ಕಕ್ಕೆ ಇಟ್ಟಿದ್ದರು. ನಾನೇ ಹೋಗಿ ನೋಡಿದೆ. ಆ ಮನೆಯಲ್ಲಿ ಪಟ್ಟಿ ಮಾಡಬೇಕಾದ ಪುಸ್ತಕಗಳೆಂದರೆ ಹೆಚ್ಚೂಕಡಿಮೆ ಅವೇ.

ಯಕ್ಷಗಾನ ಪ್ರಸಂಗ ಪುಸ್ತಕಗಳ ಕಥೆ ಬೇರೆಯೇ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಮ್ಮದು, ಹಾಗಾಗಿ ಇಲ್ಲಿ ಯಾವ ಮನೆಯ ಕಪಾಟು ತೆಗೆದರೂ ಒಂದು ಕಟ್ಟು ತೆಳ್ಳಗಿನ ಪ್ರಸಂಗಗಳು ಬೀಳುತ್ತವೆ. ಒಂದೇ ಹೆಸರು, ಬೇರೆ ಬೇರೆ ಕವಿಗಳು. ಕೆಲವದರಲ್ಲಿ ಕವಿಯ ಹೆಸರೇ ಇಲ್ಲ. ಬದಿಯಡ್ಕದ ಹತ್ತಿರ ಒಂದು ಮನೆಯಲ್ಲಿ ಒಂದೇ ಪ್ರಸಂಗದ, ಒಂದೇ ಮುದ್ರಣದ ಮೂರು ಪ್ರತಿಗಳಿದ್ದವು. ಒಂದು ಹೊಸದರ ಹಾಗೇ ಇತ್ತು. ಇನ್ನೊಂದರ ಅರ್ಧ ಗೆದ್ದಲು ತಿಂದಿತ್ತು. ಮೂರನೆಯದು ಭಾಗವತರೊಬ್ಬರ ಕೈಯಲ್ಲಿ ಇದ್ದದ್ದು. ಬದಿಯಲ್ಲೆಲ್ಲ ಪೆನ್ಸಿಲ್ ಗುರುತು. ಈ ಪದ್ಯ ಬಿಡಬೇಕು, ಇಲ್ಲಿ ರಾಗ ಬದಲಿಸಬೇಕು, ಇಲ್ಲಿ ವೇಷದವನಿಗೆ ಸಮಯ ಕೊಡಬೇಕು. ಮನೆಯವರು ಇಟ್ಟುಕೊಳ್ಳಲು ಆರಿಸಿದ್ದು ಯಾವುದನ್ನು ಗೊತ್ತಾ? ಹೊಸದನ್ನು. "ಇದು ನೀಟಾಗಿ ಉಂಟಲ್ಲ" ಎಂದರು. ನಾನು ಏನೂ ಹೇಳದೆ ಅವರು ಕೊಟ್ಟ ಚಹಾ ಕುಡಿದೆ. ಆಮೇಲೆ ಹೇಳಿದೆ.

ಎಲ್ಲ ಡಬಲ್ ಪ್ರತಿಗಳನ್ನೂ ಇಟ್ಟುಕೊಳ್ಳಲೇಬೇಕು ಎಂದು ನಾನು ಹೇಳುವುದಿಲ್ಲ. ಮನೆ ನಿಮ್ಮದು, ಜಾಗ ನಿಮ್ಮದು. ಜೂನಿನಿಂದ ಸೆಪ್ಟೆಂಬರ್ ತನಕ ನಮ್ಮ ಊರಿನ ಮಳೆಯಲ್ಲಿ ಪುಸ್ತಕ ಕಾಯುವ ಕಷ್ಟ ನನಗೂ ಗೊತ್ತಿದೆ. ಹುಳ ಹಿಡಿದದ್ದನ್ನು ಉಳಿದವುಗಳ ಜೊತೆ ಇಡಲೂಬಾರದು. ಯಾವುದಕ್ಕೆ ಎಷ್ಟು ಬೆಲೆ ಬರುತ್ತದೆ ಎಂದೂ ನಾನು ಹೇಳುವವನಲ್ಲ, ಅದು ಬೇರೆಯೇ ವಿದ್ಯೆ. ನಾನು ಕೇಳುವುದು ಇಷ್ಟೇ. ಕೊಡುವ ಮೊದಲು ಎರಡನ್ನೂ ಬಿಡಿಸಿ ನೋಡಿ. ಟೈಟಲ್ ಪುಟ ನೋಡಿ, ಅದರ ಹಿಂಬದಿ ನೋಡಿ. ಎಷ್ಟನೆಯ ಮುದ್ರಣ, ಯಾವ ವರ್ಷ ಎಂದು ಸಾಮಾನ್ಯವಾಗಿ ಬರೆದಿರುವುದು ಅಲ್ಲೇ. ರಕ್ಷಾಪುಟವನ್ನು ನಂಬಬೇಡಿ. ಆಮೇಲೆ ಮೊದಲ ಖಾಲಿ ಹಾಳೆ. ಮದುವೆಗೆ ಉಡುಗೊರೆ ಕೊಟ್ಟವರ ಹೆಸರು, ಶಾಲೆಯ ಬಹುಮಾನದ ಚೀಟಿ, ಯಾರದೋ ಸಹಿ ಇರುವುದು ಅಲ್ಲಿ. ಹಾಳೆಗಳ ನಡುವೆ ಬಸ್ ಟಿಕೆಟ್ ಸಿಕ್ಕಿದರೆ ಅದನ್ನು ಅಲ್ಲೇ ಬಿಡಿ. ಪಟ್ಟಿಯಲ್ಲಿ ಒಂದು ಸಾಲು ಬರೆಯಿರಿ.

ತಪ್ಪು ಜನರದ್ದು ಮಾತ್ರ ಅಲ್ಲ, ನಮ್ಮದೂ ಇದೆ. ಶುರುವಿನಲ್ಲಿ ತಮ್ಮನ ಮಗ ಒಂದು ಚಂದದ ವ್ಯವಸ್ಥೆ ಮಾಡಿದ್ದ. ಹೆಸರು ಒಂದೇ ಇದ್ದರೆ ಕಂಪ್ಯೂಟರ್ ತಾನಾಗಿಯೇ ಸೇರಿಸಿಬಿಡುತ್ತಿತ್ತು. ಒಂದು ಭಾನುವಾರ ನೋಡಿದರೆ 'ಕನ್ನಡ ವ್ಯಾಕರಣ' ಎಂಬ ಹೆಸರಿನವೆಲ್ಲ ಒಂದೇ ಪುಸ್ತಕವಾಗಿ ಕೂತಿವೆ. 'ಆಯ್ದ ಕವಿತೆಗಳು' ಬರೆದ ಕವಿಗಳೆಲ್ಲ ಒಬ್ಬರೇ ಆಗಿದ್ದಾರೆ. ಬಿಡಿಸಲು ಎರಡು ವಾರ ಬೇಕಾಯಿತು. ಅವತ್ತಿನಿಂದ ಸೇರಿಸುವುದೂ ಇಲ್ಲ, ಅಳಿಸುವುದೂ ಇಲ್ಲ. "ಇವೆರಡು ಒಂದೇ ಕೃತಿಯ ಪ್ರತಿಗಳೇ?" ಎಂದು ಕೇಳುತ್ತದೆ, ಅಷ್ಟೇ. ಹೌದು ಎಂದರೂ ಎರಡು ಸಾಲು ಹಾಗೇ ಉಳಿಯುತ್ತವೆ. ಹುಡುಗನಿಗೆ ಈಗಲೂ ಅದು ಅಷ್ಟು ಇಷ್ಟವಿಲ್ಲ. ಪರದೆ ತುಂಬಿದ ಹಾಗೆ ಕಾಣುತ್ತದಂತೆ.

ಭಾಷೆಯ ಕಲಂ ಬಗ್ಗೆ ಒಂದು ಮಾತು. ತುಳು ಪುಸ್ತಕ ಕನ್ನಡ ಲಿಪಿಯಲ್ಲಿ ಇದ್ದರೆ ಭಾಷೆ ಕನ್ನಡ ಎಂದು ಹಾಕಬೇಡಿ. ಏಳು ಭಾಷೆಯ ಊರು ಎಂದು ಭಾಷಣ ಮಾಡುವವರೇ ಹಾಗೆ ಹಾಕಿ ಕಳಿಸುತ್ತಾರೆ. ಲಿಪಿಗೆ ಬೇರೆ ಕಲಂ ಇದೆ.

ದುಡ್ಡಿನ ವಿಷಯ ಬಂದರೆ, ಸದ್ಯಕ್ಕೆ ಸರ್ವರ್ ಖರ್ಚು ನನ್ನ ಪಿಂಚಣಿಯಿಂದ ಹೋಗುತ್ತಿದೆ. ಹಾಗಾಗಿ ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು, ನಮಗೇ ವಿರುದ್ಧವಾದರೂ ಸರಿ. ಯಾವ ತಾಣವನ್ನೂ ಪೂರ್ತಿ ನಂಬಬೇಡಿ. ಶೆಲ್ಫಾರಿ ಎಂಬ ಇಂಥದ್ದೇ ಒಂದು ತಾಣವನ್ನು 2008ರಲ್ಲಿ ಅಮೆಜಾನ್ ಕೊಂಡುಕೊಂಡಿತು. 2016ರಲ್ಲಿ ಅದು ಮುಚ್ಚಿತು. ದೊಡ್ಡವರ ಪಾಡೇ ಹೀಗಾದರೆ, ಬದಿಯಡ್ಕದಲ್ಲಿ ಕೂತ ನಾವು ಯಾವ ಲೆಕ್ಕ? ಪಟ್ಟಿಯನ್ನು ಎಕ್ಸೆಲ್ ಫೈಲಾಗಿ ಇಳಿಸಿಕೊಳ್ಳುವ ಬಟನ್ ನಮ್ಮಲ್ಲಿ ಇದೆ. ಅದನ್ನು ಮಾತ್ರ ಯಾವತ್ತೂ ತೆಗೆಯುವುದಿಲ್ಲ. ಆರು ತಿಂಗಳಿಗೊಮ್ಮೆ ಒತ್ತಿ, ಒಂದು ಪ್ರಿಂಟ್ ತೆಗೆದು ಕಪಾಟಿನ ಬಾಗಿಲಿನ ಒಳಗೆ ಅಂಟಿಸಿ.

ಪೆರ್ಲದವರಿಗೂ ಇದನ್ನೆಲ್ಲ ಹೇಳಿದೆ. ಪಾಪ, ಕೇಳಿದರು. "ಆಯ್ತು, ಯಾವ ಪುಸ್ತಕ ಡಬಲ್ ಬಂದದ್ದು? ಎರಡನ್ನೂ ತೆಗೆದುಕೊಂಡು ಬನ್ನಿ, ನಾನು ಲೈನಿನಲ್ಲೇ ಇರುತ್ತೇನೆ" ಎಂದೆ. ಮೆಟ್ಟಿಲು ಹತ್ತಿ ಇಳಿದ ಸದ್ದು ಕೇಳಿಸಿತು. ಹಳೆಗನ್ನಡದ ಒಂದು ಪಠ್ಯ, ಬಿ.ಎ. ತರಗತಿಯಲ್ಲಿ ಓದಿದ್ದಂತೆ. ಮೊದಲನೆಯದನ್ನು ಬಿಡಿಸಿದರು. ಅಂಗಡಿಯಿಂದ ಕೊಂಡದ್ದು, ಅವರದೇ ಸಹಿ, ಎರಡನೆಯ ಮುದ್ರಣ. ಎರಡನೆಯದೂ ಎರಡನೆಯ ಮುದ್ರಣವೇ. "ನೋಡಿ, ನಾನು ಹೇಳಿದ್ದಲ್ವಾ? ಎರಡೂ ಒಂದೇ" ಎಂದರು, ಗೆದ್ದ ಸ್ವರದಲ್ಲಿ.

"ಕೊನೆಯ ಪುಟ ನೋಡಿ" ಎಂದೆ.

ಸ್ವಲ್ಪ ಹೊತ್ತು ಮಾತಿಲ್ಲ. "ಇದರಲ್ಲಿ ಒಂದು ಚೀಟಿ ಅಂಟಿಸಿದ್ದಾರೆ. ತಾರೀಕಿನ ಸೀಲುಗಳಿವೆ. ಕೊನೆಯದು 1987."

"ಟೈಟಲ್ ಪುಟದಲ್ಲಿ?"

ಅವರು ಕಾಲೇಜಿನ ಹೆಸರು ಓದಿದರು. ನಾನು ಮೂವತ್ತು ವರ್ಷ ಕೂತಿದ್ದ ಕಾಲೇಜು. ಆ ನೇರಳೆ ಬಣ್ಣದ ಸೀಲನ್ನು ಒತ್ತುತ್ತಿದ್ದದ್ದೂ ನಾನೇ.

"ಅಯ್ಯೋ ಸರ್" ಎಂದರು. ಅಲ್ಲಿಯ ತನಕ ನಾನು ಮಾರಾಯ್ರು ಆಗಿದ್ದೆ. ಆಮೇಲೆ ಮೆಲ್ಲಗೆ ಕೇಳಿದರು, "ಇದನ್ನು ಪಟ್ಟಿಯಿಂದ ತೆಗೆಯಲಾ?"

ಬೇಡ, ಇರಲಿ, ಸಿಕ್ಕಿದ್ದು ಎಲ್ಲಿಂದ ಎಂಬ ಕಲಂ ತುಂಬಿಸಿ ಎಂದೆ.