ಹುಡುಗಿಯರ ಓಟ ಬೇರೆ ಯಾಕೆ? ನನ್ನ ತಲೆಗೆ ಹತ್ತದೇ ಇದ್ದ ಒಂದು ಹೆಜ್ಜೆ

ಬಳ್ಳಾರಿಯಲ್ಲಿ ಬಿ.ಪಿ.ಎಡ್. (ದೈಹಿಕ ಶಿಕ್ಷಣದ ಪದವಿ) ಎರಡನೇ ವರ್ಷದಲ್ಲಿದ್ದೇನೆ. ಈ ಸಲ ಸೆಮಿನಾರ್‌ಗೆ ನನಗೆ ಬಂದ ವಿಷಯ ‘ಮಹಿಳಾ ಕ್ರೀಡೆಯಲ್ಲಿ ನ್ಯಾಯ, ದೇಹದ ವ್ಯತ್ಯಾಸ’. ಒಂದು ವಾರ ಒಂದೇ ಜಾಗದಲ್ಲಿ ಸಿಕ್ಕಿಕೊಂಡಿದ್ದೆ. ನಿನ್ನೆ ರಾತ್ರಿ ಗಂಟು ಬಿಚ್ಚಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಹಾರ್ಮೋನ್ ಅಂದರೇನು, ಕ್ರೋಮೋಸೋಮ್ ಅಂದರೇನು ಅನ್ನೋದು ನಿಮಗೂ ಗೊತ್ತಿರುತ್ತದೆ, ಅದನ್ನು ಬಿಡುತ್ತೇನೆ.

ನಾನು ಸಿಕ್ಕಿಕೊಂಡ ಜಾಗ

ಬೆಳಗ್ಗೆ ಬಿಸಿಲು ಏರುವ ಮುಂಚೆ ನಮ್ಮ ಮೈದಾನದಲ್ಲಿ 100 ಮೀಟರ್ ಸಮಯ ತೆಗೆಯುತ್ತೇವೆ. ಸ್ಟಾಪ್‌ವಾಚ್ ನನ್ನ ಕೈಯಲ್ಲಿರುತ್ತದೆ. ನಮ್ಮ ಜೊತೆ ಸಿರುಗುಪ್ಪದ ಕಡೆಯ ಒಬ್ಬಳಿದ್ದಾಳೆ. ತರಗತಿಯ ಅರ್ಧಕ್ಕಿಂತ ಜಾಸ್ತಿ ಹುಡುಗರು ಅವಳ ಹಿಂದೆಯೇ ಬರುತ್ತಾರೆ. ಇದನ್ನು ದಿನಾ ಕಣ್ಣಾರೆ ನೋಡುವವಳು ನಾನು. ಪುಸ್ತಕ ಮಾತ್ರ ‘ಗಂಡಸರು ವೇಗವಾಗಿ ಓಡುತ್ತಾರೆ, ಅದಕ್ಕೇ ಬೇರೆ ವಿಭಾಗ’ ಅನ್ನುತ್ತದೆ. ಹಾಗಾದರೆ ಇವಳು? ಒಬ್ಬ ಹುಡುಗಿ ಇಷ್ಟು ಹುಡುಗರನ್ನು ಸೋಲಿಸುವುದಾದರೆ ವಿಭಾಗ ಬೇರೆ ಯಾಕೆ ಬೇಕು? ಎಲ್ಲರೂ ಒಟ್ಟಿಗೆ ಓಡಲಿ, ಗೆದ್ದವರು ಗೆಲ್ಲಲಿ, ಅಲ್ವಾ?

ಈ ಪ್ರಶ್ನೆಗೆ ನಾನು ಕೇಳಿದವರು ‘ಅದು ಸರಾಸರಿ’ ಅಂತ ಉತ್ತರ ಕೊಟ್ಟರು. ಅದರಿಂದ ನನಗೆ ಏನೂ ತಿಳಿಯಲಿಲ್ಲ. ತಿಳಿದದ್ದು ಊರಿನ ಕಣ ನೆನಪಾದಾಗ.

ಕಣದಲ್ಲಿ ಎರಡು ರಾಶಿ ಹಾಕಿದ್ದಾರೆ ಅಂದುಕೊಳ್ಳಿ. ಎಡಕ್ಕೆ ಬಿಳಿಜೋಳ, ಬಲಕ್ಕೆ ಕಡಲೆ. ತೀರಾ ಹತ್ತಿರ ಸುರಿದಿದ್ದಾರೆ. ನಡುವೆ ಎರಡೂ ಬೆರೆತಿವೆ. ಅಲ್ಲಿ ಒಂದು ಬೊಗಸೆ ತೆಗೆದರೆ ಜೋಳವೂ ಬರುತ್ತದೆ, ಕಡಲೆಯೂ ಬರುತ್ತದೆ. ಆ ಬೊಗಸೆಯನ್ನೇ ನೋಡಿದವರು ‘ಇಲ್ಲಿ ಎರಡು ರಾಶಿ ಎಲ್ಲಿದೆ, ಇರುವುದು ಒಂದೇ’ ಅನ್ನಬಹುದು. ಈಗ ಬಲಗಡೆಯ ಕೊಟ್ಟ ಕೊನೆಗೆ ಹೋಗಿ ಒಂದು ಚಿಟಿಕೆ ತೆಗೆಯಿರಿ. ಬರೀ ಕಡಲೆ. ಒಂದು ಕಾಳು ಜೋಳವೂ ಇಲ್ಲ.

ಜೋಳ ಹೆಂಗಸರು, ಕಡಲೆ ಗಂಡಸರು, ಬಲಕ್ಕೆ ಹೋದಷ್ಟೂ ವೇಗ ಜಾಸ್ತಿ. ನಮ್ಮ ಮೈದಾನ ಆ ನಡುವಿನ ಬೊಗಸೆ. ಒಲಿಂಪಿಕ್ಸ್ ಫೈನಲ್ ಆ ಕೊನೆಯ ಚಿಟಿಕೆ.

ಇಷ್ಟೇ. ಇದಕ್ಕೆ ನನಗೆ ಒಂದು ವಾರ ಬೇಕಾಯಿತು. ನನ್ನ ತಪ್ಪು ಏನಾಗಿತ್ತು ಅಂದರೆ, ಬೊಗಸೆಯನ್ನು ನೋಡಿ ಚಿಟಿಕೆಯ ಬಗ್ಗೆ ಮಾತಾಡುತ್ತಿದ್ದೆ. ಕ್ರೀಡೆ ಆರಿಸುವುದು ಯಾವಾಗಲೂ ಕೊನೆಯ ಕಾಳುಗಳನ್ನು. ಎರಡು ರಾಶಿಯ ನಡುವಿನ ಅಂತರ ಸ್ವಲ್ಪವೇ ಇದ್ದರೂ, ಕೊನೆಗೆ ಹೋದಷ್ಟೂ ಒಂದೇ ಬಗೆಯ ಕಾಳು ಉಳಿಯುತ್ತದೆ. ಸಿರುಗುಪ್ಪದವಳು ನಮ್ಮ ಹುಡುಗರನ್ನು ಸೋಲಿಸುವುದೂ ನಿಜ. ವಿಭಾಗ ಇಲ್ಲದಿದ್ದರೆ ದೊಡ್ಡ ಕೂಟದ ಫೈನಲ್‌ನಲ್ಲಿ ಒಬ್ಬ ಮಹಿಳೆಯೂ ಇರುವುದಿಲ್ಲ ಅನ್ನೋದೂ ನಿಜ. ಎರಡಕ್ಕೂ ಜಗಳ ಇಲ್ಲ.

ಈಗ ಅಂಕಿ. 100 ಮೀಟರ್‌ನಲ್ಲಿ ಪುರುಷರ ವಿಶ್ವ ದಾಖಲೆ ಉಸೇನ್ ಬೋಲ್ಟ್ ಅವರದು, 2009ರಲ್ಲಿ ಬರ್ಲಿನ್‌ನಲ್ಲಿ 9.58 ಸೆಕೆಂಡ್. ಮಹಿಳೆಯರ ದಾಖಲೆ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ ಅವರದು, 1988ರಲ್ಲಿ 10.49. ಅಂತರ 0.91 ಸೆಕೆಂಡ್. ಸುಮ್ನೆ ನೋಡಿದರೆ ಒಂದು ಸೆಕೆಂಡೂ ಇಲ್ಲ. ಅದನ್ನು ದೂರಕ್ಕೆ ತಿರುಗಿಸಿ ನೋಡಿ. ಆಕೆಯ ಸರಾಸರಿ ವೇಗ ಸೆಕೆಂಡಿಗೆ 9.53 ಮೀಟರ್. ಬೋಲ್ಟ್ ಗೆರೆ ಮುಟ್ಟಿದಾಗ ಆಕೆ ಸುಮಾರು 91.3 ಮೀಟರ್‌ನಲ್ಲಿ ಇರುತ್ತಾಳೆ. ಅಂದರೆ ಎಂಟೂವರೆ ಮೀಟರ್‌ಗಿಂತಲೂ ಹಿಂದೆ.

ಇದು ಎಷ್ಟು ದೊಡ್ಡದು? 2024ರ ಪ್ಯಾರಿಸ್ ಒಲಿಂಪಿಕ್ಸ್ ಪುರುಷರ ಫೈನಲ್ ನೋಡಿ. ನೋಹ್ ಲೈಲ್ಸ್ 9.79ಕ್ಕೆ ಗೆದ್ದರು. ಎಂಟನೇ ಸ್ಥಾನದವರು 9.91. ಚಿನ್ನಕ್ಕೂ ಕೊನೆಯ ಸ್ಥಾನಕ್ಕೂ ನಡುವೆ ಇದ್ದದ್ದು 0.12 ಸೆಕೆಂಡ್. ಅದೇ ಒಲಿಂಪಿಕ್ಸ್‌ನ ಮಹಿಳೆಯರ ಚಿನ್ನ ಸೇಂಟ್ ಲೂಸಿಯಾದ ಜೂಲಿಯನ್ ಆಲ್‌ಫ್ರೆಡ್ ಅವರದು, 10.72. ಫೈನಲ್‌ನ ಎಂಟು ಜನರ ನಡುವಿನ ಅಂತರಕ್ಕಿಂತ ಎರಡು ವಿಭಾಗಗಳ ನಡುವಿನ ಅಂತರ ಎಷ್ಟೋ ಪಟ್ಟು ದೊಡ್ಡದು.

‘ಈಜುಗಾರ ಮೈಕೆಲ್ ಫೆಲ್ಪ್ಸ್ ಕೈಯೂ ಉದ್ದ, ಅದೂ ಹುಟ್ಟಿನಿಂದ ಬಂದದ್ದೇ, ಅವರನ್ನು ಯಾಕೆ ಹೊರಗಿಡಲಿಲ್ಲ?’ ಅಂತ ಕೇಳುವವರಿಗೂ ಉತ್ತರ ಇಲ್ಲೇ ಇದೆ. ಉದ್ದ ಕೈ ಒಂದೇ ರಾಶಿಯ ಒಳಗಿನ ಲಾಭ. ವಿಭಾಗ ಮಾಡಿದ್ದು ಎಲ್ಲಾ ಲಾಭ ಅಳಿಸುವುದಕ್ಕಲ್ಲ, ಒಂದೇ ಒಂದು ದೊಡ್ಡ ಲಾಭವನ್ನು ಬದಿಗಿಡುವುದಕ್ಕೆ. ಕುಸ್ತಿಯಲ್ಲಿ ತೂಕದ ವಿಭಾಗ ಇಲ್ಲವೇ? 50 ಕೆಜಿಯ ಹುಡುಗಿಗೆ ಎಷ್ಟೇ ಪಟ್ಟು ಗೊತ್ತಿದ್ದರೂ 76 ಕೆಜಿಯವಳ ಮುಂದೆ ನಿಲ್ಲಿಸುವುದಿಲ್ಲ.

ಶೇಕಡಾದ ಗೊಂದಲ

ಉದ್ದ ಜಿಗಿತದಲ್ಲಿ ಒಂದು ಕಡೆ ವ್ಯತ್ಯಾಸ ಶೇ 19 ಅಂತ ಓದಿದೆ. ನಾನು ಲೆಕ್ಕ ಹಾಕಿದರೆ ಶೇ 16 ಬರುತ್ತಿತ್ತು. ಪುರುಷರ ವಿಶ್ವ ದಾಖಲೆ ಮೈಕ್ ಪವೆಲ್ ಅವರದು, 8.95 ಮೀಟರ್, 1991. ಮಹಿಳೆಯರದು ಗಲಿನಾ ಚಿಸ್ತ್ಯಾಕೋವಾ ಹೆಸರಲ್ಲಿ, 7.52 ಮೀಟರ್, 1988. ಅಂತರ 1.43 ಮೀಟರ್. ಅದನ್ನು 7.52ರಿಂದ ಭಾಗಿಸಿದರೆ ಶೇ 19, 8.95ರಿಂದ ಭಾಗಿಸಿದರೆ ಶೇ 16. ಎರಡೂ ಸರಿ. ಕೆಳಗೆ ಯಾವ ಸಂಖ್ಯೆ ಇಟ್ಟಿದ್ದಾರೆ ಅಂತ ನೋಡಬೇಕು, ಅಷ್ಟೇ. ಪರೀಕ್ಷೆಯಲ್ಲಿ ಯಾವುದನ್ನು ಬರೆದರೂ ಪಕ್ಕದಲ್ಲಿ ‘ಮಹಿಳೆಯರ ದಾಖಲೆಗೆ ಹೋಲಿಸಿದರೆ’ ಅಂತಲೋ ‘ಪುರುಷರ ದಾಖಲೆಗೆ ಹೋಲಿಸಿದರೆ’ ಅಂತಲೋ ಬರೆಯಿರಿ.

ನಾನು ನೆನಪಿಟ್ಟುಕೊಂಡದ್ದು ಹೀಗೆ: ಓಟ, ಈಜು ಅಂದರೆ ಶೇಕಡಾ ಹತ್ತು ಹನ್ನೆರಡು, ಜಿಗಿತ ಅಂದರೆ ಇಪ್ಪತ್ತರ ಹತ್ತಿರ, ತೋಳಿನ ಬಲ ಅಂದರೆ ಇನ್ನೂ ಜಾಸ್ತಿ. ಎಸೆಯುವ ಭಲ್ಲೆ, ಗುಂಡಿನ ತೂಕ ನೆನಪಿಸಿಕೊಂಡರೆ ಇದು ಮರೆಯುವುದೇ ಇಲ್ಲ. ಭಲ್ಲೆ ಪುರುಷರಿಗೆ 800 ಗ್ರಾಂ, ಮಹಿಳೆಯರಿಗೆ 600. ಗುಂಡು 7.26 ಕೆಜಿ ಮತ್ತು 4 ಕೆಜಿ.

ಕಾರಣ

ಚಿಕ್ಕ ಮಕ್ಕಳಲ್ಲಿ ವ್ಯತ್ಯಾಸ ಕಡಿಮೆ. ಹರೆಯ ಬಂದ ಮೇಲೆ ದಾರಿ ಬೇರೆಯಾಗುತ್ತದೆ. ವಯಸ್ಕ ಗಂಡಸರ ರಕ್ತದಲ್ಲಿ ಗಂಡಿನ ಮುಖ್ಯ ಹಾರ್ಮೋನ್ ಆದ ಟೆಸ್ಟೋಸ್ಟೆರಾನ್ ಲೀಟರಿಗೆ ಸುಮಾರು 7.7ರಿಂದ 29.4 ನ್ಯಾನೋಮೋಲ್. ಆರೋಗ್ಯವಂತ ಹೆಂಗಸರಲ್ಲಿ 1.7ರ ಒಳಗೆ. ಇಲ್ಲಿ ನೋಡಿ, ರಾಶಿಗಳು ಬೆರೆಯುವುದೇ ಇಲ್ಲ. ನಡುವೆ ಬರಿ ನೆಲ. ಎತ್ತರ, ಉದ್ದ ಮತ್ತು ಗಟ್ಟಿ ಮೂಳೆ, ಸ್ನಾಯು, ಸುಮಾರು ಶೇ 12 ಹೆಚ್ಚು ಹಿಮೋಗ್ಲೋಬಿನ್ ಬರುವುದು ಇದರಿಂದಲೇ.

ಟ್ರಾನ್ಸ್ ಮಹಿಳೆಯರ (ಗಂಡು ದೇಹದಲ್ಲಿ ಹುಟ್ಟಿ ಹೆಣ್ಣಾಗಿ ಬದುಕುವವರ) ಪ್ರಶ್ನೆ ನಿಂತಿರುವುದೂ ಇಲ್ಲೇ. ಔಷಧದಿಂದ ಹಾರ್ಮೋನ್ ಇಳಿಸಿದರೆ ಹಿಮೋಗ್ಲೋಬಿನ್ ಕೆಲವೇ ತಿಂಗಳಲ್ಲಿ ಇಳಿಯುತ್ತದೆ. ಸ್ನಾಯು ಮತ್ತು ಬಲ ವರ್ಷದ ಮೇಲೂ ಸ್ವಲ್ಪವೇ ಇಳಿಯುತ್ತವೆ. ಬೆಳೆದ ಮೂಳೆ ಗಿಡ್ಡವಾಗುವುದಿಲ್ಲ. ಈ ಅಧ್ಯಯನಗಳು ಹೆಚ್ಚಾಗಿ ಕ್ರೀಡಾಪಟುಗಳಲ್ಲದವರ ಮೇಲೆ ನಡೆದಿವೆ ಅನ್ನುವ ಆಕ್ಷೇಪ ಇದೆ, ಅದು ನ್ಯಾಯವಾದದ್ದೇ. ಆದರೂ ಗಂಡಿನ ಹರೆಯ ದಾಟಿದವರನ್ನು ಎತ್ತರದ ಮಟ್ಟದ ಮಹಿಳಾ ವಿಭಾಗಕ್ಕೆ ಬಿಡದಿರುವ ನಿಯಮ ನನಗೆ ಸರಿ ಅನಿಸುತ್ತದೆ. ಈಜಿನ ವಿಶ್ವ ಸಂಸ್ಥೆ 2022ರಲ್ಲಿ, ಅಥ್ಲೆಟಿಕ್ಸ್‌ನ ವಿಶ್ವ ಸಂಸ್ಥೆ 2023ರಲ್ಲಿ ಇಂಥ ನಿಯಮ ತಂದವು. ಇದರರ್ಥ ಟ್ರಾನ್ಸ್ ಮಹಿಳೆಯರು ಮೋಸಗಾರರು ಅಂತಲ್ಲ. ಅವರಿಗೂ ಓಡಲು ಜಾಗ ಬೇಕು, ಅದನ್ನು ಹುಡುಕಬೇಕಾದದ್ದು ಸಂಸ್ಥೆಗಳ ಕೆಲಸ.

ಎಕ್ಸ್‌ವೈ (ಸಾಮಾನ್ಯವಾಗಿ ಗಂಡಸರಲ್ಲಿರುವ ಕ್ರೋಮೋಸೋಮ್ ಜೋಡಿ) ಇದ್ದರೆ ಲಾಭ ಇದ್ದೇ ಇದೆಯೇ?

ಇಲ್ಲ. ಇದನ್ನು ನಾನು ಕೀಲಿ ಮತ್ತು ಕೀಲಿಕೈ ಅಂತ ನೆನಪಿಟ್ಟುಕೊಂಡೆ. ಹಾರ್ಮೋನ್ ಕೀಲಿಕೈ. ಜೀವಕೋಶದಲ್ಲಿ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕ (ರಿಸೆಪ್ಟರ್) ಕೀಲಿ, ಅಂದರೆ ಬೀಗ. ಕೆಲವರು ಎಕ್ಸ್‌ವೈ ಕ್ರೋಮೋಸೋಮ್ ಇಟ್ಟುಕೊಂಡು ಹುಟ್ಟುತ್ತಾರೆ, ಆದರೆ ಅವರ ಕೀಲಿ ಪೂರ್ತಿ ಕೆಟ್ಟಿರುತ್ತದೆ. ಕೀಲಿಕೈ ಎಷ್ಟು ಗೊಂಚಲು ಇದ್ದರೇನು, ಬಾಗಿಲು ತೆರೆಯುವುದಿಲ್ಲ. ದೇಹ ಹೆಣ್ಣಿನದಾಗಿಯೇ ಬೆಳೆಯುತ್ತದೆ. ಗಂಡಿನ ಹರೆಯದ ಲಾಭ ಅವರಿಗೆ ಸಿಕ್ಕಿರುವುದೇ ಇಲ್ಲ.

ಸ್ಪೇನಿನ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೋಸೆ ಮಾರ್ಟಿನೆಸ್ ಪಾಟಿನ್ಯೋ ಅವರದು ಇದೇ ಕಥೆ. 1985ರಲ್ಲಿ ಜಪಾನಿನ ಕೋಬೆಯಲ್ಲಿ ನಡೆದ ವಿಶ್ವ ವಿದ್ಯಾರ್ಥಿ ಕ್ರೀಡಾಕೂಟದಲ್ಲಿ ಕ್ರೋಮೋಸೋಮ್ ಪರೀಕ್ಷೆ ಅವರನ್ನು ಹೊರಗೆ ಹಾಕಿತು. ಹೋರಾಡಿ 1988ರಲ್ಲಿ ಮತ್ತೆ ಅನುಮತಿ ಪಡೆದರು, ಓಟದ ಒಳ್ಳೆಯ ವರ್ಷಗಳು ಅಷ್ಟರಲ್ಲಿ ಹೋಗಿದ್ದವು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ 3,387 ಮಹಿಳೆಯರನ್ನು ಪರೀಕ್ಷಿಸಿದಾಗ 8 ಜನರ ಫಲಿತಾಂಶ ಬೇರೆ ಬಂತು. ಎಂಟೂ ಜನರನ್ನು ಆಡಲು ಬಿಟ್ಟರು. 1999ರಲ್ಲಿ ಒಲಿಂಪಿಕ್ ಸಮಿತಿ ಆ ಸಾಮೂಹಿಕ ಪರೀಕ್ಷೆಯನ್ನೇ ನಿಲ್ಲಿಸಿತು.

ಕೀಲಿ ಸರಿಯಿದ್ದು, ಹಾರ್ಮೋನೂ ಗಂಡಸರ ಮಟ್ಟದಲ್ಲಿ ಇರುವವರದು ಬೇರೆ ಗುಂಪು. ದಕ್ಷಿಣ ಆಫ್ರಿಕಾದ ಓಟಗಾರ್ತಿ ಕ್ಯಾಸ್ಟರ್ ಸೆಮೆನ್ಯಾ ಅವರ ಮೊಕದ್ದಮೆ ಇದರ ಸುತ್ತಲೇ. 2019ರಲ್ಲಿ ಕ್ರೀಡಾ ಜಗಳ ತೀರಿಸುವ ಅಂತರರಾಷ್ಟ್ರೀಯ ಕ್ರೀಡಾ ಪಂಚಾಯ್ತಿ ನ್ಯಾಯಾಲಯ (ಸಿಎಎಸ್), ಇಂಥವರು ಹಾರ್ಮೋನ್ ಇಳಿಸಬೇಕು ಅನ್ನುವ ಅಥ್ಲೆಟಿಕ್ಸ್ ನಿಯಮ ತಾರತಮ್ಯವೇ, ಆದರೆ ಮಹಿಳಾ ವಿಭಾಗ ಉಳಿಸಲು ಬೇಕಾದದ್ದು ಅಂದಿತು. 2025ರ ಜುಲೈನಲ್ಲಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯ, ಸ್ವಿಟ್ಜರ್ಲೆಂಡಿನ ಕೋರ್ಟ್ ಆಕೆಯ ದೂರನ್ನು ಸರಿಯಾಗಿ ವಿಚಾರಿಸಲಿಲ್ಲ ಅಂದಿತು. ನಿಯಮವನ್ನು ಅದು ರದ್ದು ಮಾಡಲಿಲ್ಲ. ಇಲ್ಲಿ ತುಂಬಾ ಜನ ತಪ್ಪು ಬರೆಯುತ್ತಾರೆ.

ಅಥ್ಲೆಟಿಕ್ಸ್ ನಿಯಮದ ಟೆಸ್ಟೋಸ್ಟೆರಾನ್ ಮಿತಿ (ಅದಕ್ಕಿಂತ ಕೆಳಗಿದ್ದರೆ ಮಾತ್ರ ಮಹಿಳಾ ವಿಭಾಗ) ನೆನಪಿಡಲು ನನ್ನ ಅಡ್ಡದಾರಿ: ಪ್ರತಿ ಸಲ ಅರ್ಧ. 2011ರಲ್ಲಿ 10 ನ್ಯಾನೋಮೋಲ್, 2018ರಲ್ಲಿ 5, 2023ರಲ್ಲಿ 2.5. ಆಮೇಲೆ ಅಳತೆಯೇ ಬದಲು. 2025ರ ಸೆಪ್ಟೆಂಬರ್ 1ರಿಂದ ವಿಶ್ವ ರ‍್ಯಾಂಕಿಂಗ್ ಕೂಟಗಳ ಮಹಿಳಾ ವಿಭಾಗಕ್ಕೆ ಜೀವನದಲ್ಲಿ ಒಂದು ಸಲ ಎಸ್‌ಆರ್‌ವೈ ಜೀನ್ (ವೈ ಕ್ರೋಮೋಸೋಮ್‌ನಲ್ಲಿದ್ದು ಗಂಡಿನ ಬೆಳವಣಿಗೆ ಶುರುಮಾಡುವ ಜೀನ್) ಪರೀಕ್ಷೆ. ಕೆನ್ನೆಯ ಒಳಗಿನ ಸ್ವಾಬ್ ಅಥವಾ ರಕ್ತ ಸಾಕು. ಕೀಲಿ ಪೂರ್ತಿ ಕೆಟ್ಟಿರುವವರಿಗೆ ವಿನಾಯಿತಿ ಇದೆ.

ಶಾಂತಿ, ದ್ಯುತಿ

ಇದನ್ನು ಓದುವಾಗ ನನಗೆ ಹೊಟ್ಟೆಯೊಳಗೆ ಸಂಕಟವಾಯಿತು. ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯ ಶಾಂತಿ ಸೌಂದರರಾಜನ್ 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ 800 ಮೀಟರ್ ಬೆಳ್ಳಿ ಗೆದ್ದರು. ಓಡಿದ ಮೇಲೆ ಲಿಂಗ ಪರೀಕ್ಷೆ ಮಾಡಿದರು. ಪದಕ ಹೋಯಿತು. ಸುದ್ದಿ ದೇಶಕ್ಕೆಲ್ಲಾ ಗೊತ್ತಾಯಿತು. ಬಡ ಮನೆಯ ಮಗಳು, ತನ್ನ ದೇಹದ ವಿಷಯವನ್ನು ಊರಿನ ಜೊತೆಗೇ ಕೇಳಿಸಿಕೊಳ್ಳಬೇಕಾಯಿತು.

ಒಡಿಶಾದ ಓಟಗಾರ್ತಿ ದ್ಯುತಿ ಚಂದ್ ಅವರನ್ನು ಹಾರ್ಮೋನ್ ಹೆಚ್ಚಿದೆ ಅಂತ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದ ಮುಂಚೆ ತಂಡದಿಂದ ಬಿಟ್ಟರು. ಅವರು ಸುಮ್ಮನಿರಲಿಲ್ಲ. 2015ರಲ್ಲಿ ಕ್ರೀಡಾ ಪಂಚಾಯ್ತಿ ನ್ಯಾಯಾಲಯ 10 ನ್ಯಾನೋಮೋಲ್ ಮಿತಿಯ ಆ ನಿಯಮವನ್ನು ತಡೆಹಿಡಿಯಿತು. ಕಾರಣ ಗಮನಿಸಿ, ಮೇಲಿನ ಲೆಕ್ಕ ಇಲ್ಲಿ ಬರುತ್ತದೆ: ಸಹಜವಾಗಿ ಹೆಚ್ಚು ಹಾರ್ಮೋನ್ ಇರುವ ಮಹಿಳೆಗೆ, ಗಂಡು ಹೆಣ್ಣಿನ ನಡುವಿನ ಆ ಶೇಕಡಾ ಹತ್ತು ಹನ್ನೆರಡರಷ್ಟು ದೊಡ್ಡ ಲಾಭ ಸಿಗುತ್ತದೆ ಅನ್ನಲು ಸಾಕಷ್ಟು ಪುರಾವೆ ಕೊಟ್ಟಿಲ್ಲ ಅಂದಿತು. 2018ರ ಜಕಾರ್ತಾ ಏಷ್ಯನ್ ಕೂಟದಲ್ಲಿ ದ್ಯುತಿ 100 ಮತ್ತು 200 ಮೀಟರ್ ಎರಡರಲ್ಲೂ ಬೆಳ್ಳಿ ತಂದರು.

ಸೆಮಿನಾರ್‌ನಲ್ಲಿ ನಾನು ಹೇಳುವುದು ಇದನ್ನು. ಗೆರೆ ಬೇಕು. ಗೆರೆ ಇಲ್ಲದಿದ್ದರೆ ನಮಗೆ ಫೈನಲ್ ಇಲ್ಲ, ಪದಕ ಇಲ್ಲ, ಕ್ರೀಡಾ ಕೋಟಾದ ಕೆಲಸವೂ ಇಲ್ಲ. ಆದರೆ ಗೆರೆ ಎಳೆಯುವ ಕೈ ಮೆತ್ತಗಿರಬೇಕು. ಪರೀಕ್ಷೆ ಓಟಕ್ಕೆ ಮುಂಚೆ ಆಗಬೇಕು, ಗುಟ್ಟಾಗಿ ಆಗಬೇಕು, ಹುಡುಗಿಗೆ ಅವಳ ಭಾಷೆಯಲ್ಲಿ ವೈದ್ಯರು ಕೂತು ಹೇಳಬೇಕು. ಫಲಿತಾಂಶ ಏನೇ ಬಂದರೂ ಅವಳು ತಪ್ಪು ಮಾಡಿಲ್ಲ.

ಆ ನಿಯಮಗಳು ದೊಡ್ಡ ಮಟ್ಟದ ಕೂಟಗಳಿಗೆ ಸೇರಿದವು. ತಾಲ್ಲೂಕು ಕೂಟದಲ್ಲಿ ಅಂಥ ಪರೀಕ್ಷೆ ಯಾವುದೂ ಇಲ್ಲ, ಆದರೆ ಬಾಯಿಗಳು ಇವೆ. ಎರಡು ವರ್ಷದ ಹಿಂದೆ ಒಂದು ಕೂಟದಲ್ಲಿ ನನ್ನ ಪಕ್ಕದ ಲೇನ್‌ನ ಹುಡುಗಿಗೆ ಕೂದಲು ಗಿಡ್ಡ, ಭುಜ ಅಗಲ, ದನಿ ದಪ್ಪ. ‘ಇದು ಹುಡುಗೀನೇನು?’ ಅಂತ ಗೆರೆಯ ಹತ್ತಿರ ನಿಂತವರು ಕೂಗಿದರು. ಅವಳು ತಲೆ ತಗ್ಗಿಸಿಯೇ ಓಡಿದಳು. ನಾನು ಅವತ್ತು ಏನೂ ಹೇಳಲಿಲ್ಲ. ಕಣ್ಣಿಗೆ ಕಾಣುವ ಭುಜದಿಂದ ಯಾವ ಹಾರ್ಮೋನೂ ಗೊತ್ತಾಗುವುದಿಲ್ಲ ಅಂತ ಹೇಳಲು ಆಗ ನನಗೆ ತಿಳಿದಿರಲಿಲ್ಲ. ಈಗ ಗೆರೆಯಲ್ಲಿ ಸ್ಟಾಪ್‌ವಾಚ್ ಹಿಡಿದು ನಿಲ್ಲುವವಳು ನಾನು. ಯಾರಾದರೂ ಹಾಗೆ ಕೂಗಿದರೆ ಓಟ ನಿಲ್ಲಿಸಿ, ಅವರನ್ನು ಮೈದಾನದ ಹೊರಗೆ ಕಳಿಸಿ, ಆಮೇಲೆಯೇ ಸೀಟಿ ಊದುತ್ತೇನೆ.